ಬಿಡುಗಡೆಗೆ 18 ದಿನ ಇದ್ದಾಗ ಅಂಗಡಿ ಬದಲಿಸಿದ ಗೇಮ್: ಮೆಟ್ರೋ ಎಕ್ಸೋಡಸ್ ಪ್ರಕರಣ

2019ರ ಜನವರಿ 28ರಂದು ಡೀಪ್ ಸಿಲ್ವರ್ ಎಂಬ ಪಬ್ಲಿಷರ್ (ಗೇಮನ್ನು ಮಾರುಕಟ್ಟೆಗೆ ತರುವ ಕಂಪನಿ) ಮತ್ತು ಎಪಿಕ್ ಗೇಮ್ಸ್ ಕಂಪನಿ ಸೇರಿ ಒಂದು ಪ್ರಕಟಣೆ ಕೊಟ್ಟವು. ಮೆಟ್ರೋ ಎಕ್ಸೋಡಸ್ ಗೇಮಿನ ಪಿಸಿ ಆವೃತ್ತಿ ಇನ್ನು ಮುಂದೆ ಎಪಿಕ್ ಗೇಮ್ಸ್ ಸ್ಟೋರಿನಲ್ಲಿ ಮಾತ್ರ ಮಾರಾಟವಾಗುತ್ತದೆ. ಪಿಸಿ ಗೇಮುಗಳ ಹಳೆಯ ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಳ್ಳಬೇಕು ಅನ್ನುವವರು 2020ರ ಫೆಬ್ರವರಿ 14 ದಾಟುವವರೆಗೆ ಕಾಯಬೇಕು. ಗೇಮಿನ ಬಿಡುಗಡೆ ಇದ್ದದ್ದು 2019ರ ಫೆಬ್ರವರಿ 15ಕ್ಕೆ. ಅಂದರೆ ಉಳಿದಿದ್ದು ಬರೀ 18 ದಿನ. ಅಷ್ಟು ಹೊತ್ತಿಗೆ ಸ್ಟೀಮ್‌ನಲ್ಲಿ ತಿಂಗಳುಗಟ್ಟಲೆ ಮುಂಗಡ ಮಾರಾಟ ನಡೆದಿತ್ತು.

ಒಂದೇ ಅಂಗಡಿಗೆ ಗೇಮ್ ಕೊಡುವ ಒಪ್ಪಂದಗಳ ಬಗ್ಗೆ ಆ ವರ್ಷವಿಡೀ ಜಗಳ ನಡೆಯಿತು. ಆ ಜಗಳಕ್ಕೆ ದೊಡ್ಡದಾಗಿ ಕಿಡಿ ಹೊತ್ತಿಸಿದ್ದು ಈ ಪ್ರಕರಣ. ಇಂಥ ಒಪ್ಪಂದದಲ್ಲಿ ಯಾರಿಗೆ ಏನು ಸಿಗುತ್ತದೆ, ಖರ್ಚು ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹಾಗಾಗಿ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ.

ಗೇಮಿನ ಹಿಂದಿನ ಜನ

ಮೆಟ್ರೋ ಸರಣಿ ಮಾಡುವುದು 4ಎ ಗೇಮ್ಸ್. 2006ರಲ್ಲಿ ಉಕ್ರೇನಿನ ಕೀವ್‌ನಲ್ಲಿ ಶುರುವಾದ ಸ್ಟುಡಿಯೋ ಇದು. 2014ರಲ್ಲಿ ಮುಖ್ಯ ಕಚೇರಿ ಮಾಲ್ಟಾಕ್ಕೆ ಹೋಯಿತು. ಮೊದಲ ಗೇಮ್ ಬಂದದ್ದು 2010ರಲ್ಲಿ, ಎರಡನೆಯದು 2013ರಲ್ಲಿ. ಎರಡನೆಯ ಗೇಮ್ ತಯಾರಾಗುತ್ತಿದ್ದಾಗಲೇ ಅದರ ಪಬ್ಲಿಷರ್ ಟಿಎಚ್‌ಕ್ಯೂ ದಿವಾಳಿಯಾಯಿತು. 2013ರ ಜನವರಿಯ ಹರಾಜಿನಲ್ಲಿ ಮೆಟ್ರೋ ಹಕ್ಕನ್ನು ಸುಮಾರು 58 ಲಕ್ಷ ಡಾಲರಿಗೆ ಕೊಂಡದ್ದು ಕೋಖ್ ಮೀಡಿಯಾ. ಡೀಪ್ ಸಿಲ್ವರ್ ಅದರದೇ ಒಂದು ವಿಭಾಗ.

ಆ ಸ್ಟುಡಿಯೋದ ಕಷ್ಟ ಸಾಮಾನ್ಯದ್ದಲ್ಲ. ಟಿಎಚ್‌ಕ್ಯೂ ಮುಖ್ಯಸ್ಥರಾಗಿದ್ದ ಜೇಸನ್ ರೂಬಿನ್ 2013ರಲ್ಲಿ ಇದನ್ನು ಬಹಿರಂಗವಾಗಿ ಬರೆದರು. ಎದುರಾಳಿಗಳ ಬಜೆಟ್ಟಿನ ಹತ್ತನೇ ಒಂದು ಭಾಗದಲ್ಲಿ, ಇಕ್ಕಟ್ಟಾದ ಕೋಣೆಯಲ್ಲಿ, ಮಡಚುವ ಕುರ್ಚಿಗಳ ಮೇಲೆ ಕೂತು, ಕರೆಂಟು ಹೋಗುವ ಚಳಿಗಾಲದಲ್ಲಿ ಇವರು ಗೇಮ್ ಮಾಡಿದ್ದರು. ಇದನ್ನು ಇಲ್ಲಿ ಹೇಳಲು ಕಾರಣ ಇದೆ. ದಿವಾಳಿಯನ್ನು ಹತ್ತಿರದಿಂದ ನೋಡಿದ ತಂಡ ಅದು. ಅಂಥ ತಂಡದ ಗೇಮಿಗೆ ಯಾರಾದರೂ ಖಾತ್ರಿ ದುಡ್ಡು ಕೊಡುತ್ತೇವೆ ಅಂದರೆ ಆ ಮಾತಿನ ತೂಕವೇ ಬೇರೆ. ಆದರೆ ಸಹಿ ಹಾಕುವ ಅಧಿಕಾರ ಸ್ಟುಡಿಯೋದ ಕೈಲಿರಲಿಲ್ಲ, ಪಬ್ಲಿಷರ್ ಕೈಲಿತ್ತು. ಈ ಪ್ರಕರಣದಲ್ಲಿ ಅದು ಬಹಳ ಮುಖ್ಯ.

ಇನ್ನೊಂದು ಸಂಗತಿ. 2010ರ ಮೊದಲ ಗೇಮನ್ನು ಪಿಸಿಯಲ್ಲಿ ಆಡಲು ಸ್ಟೀಮ್ ಇರಲೇಬೇಕಿತ್ತು. ಡಬ್ಬಿಯಲ್ಲಿ ಡಿಸ್ಕ್ ಕೊಂಡವರೂ ಸ್ಟೀಮ್‌ಗೇ ಹೋಗಬೇಕಿತ್ತು. ಹೀಗಾಗಿ ಸುಮಾರು ಒಂಬತ್ತು ವರ್ಷ ಪಿಸಿಯಲ್ಲಿ ಮೆಟ್ರೋ ಆಡಿದವರ ಮನೆ ಸ್ಟೀಮ್ ಆಗಿತ್ತು. ಹಳೆಯ ಗೇಮುಗಳು, ಗೆಳೆಯರ ಪಟ್ಟಿ, ಸೇವ್ ಫೈಲುಗಳು ಎಲ್ಲ ಅಲ್ಲೇ.

ಎರಡು ಅಂಗಡಿ, ಎರಡು ಲೆಕ್ಕ

ಸ್ಟೀಮ್ 2003ರಲ್ಲಿ ಬಂದದ್ದು. ನಡೆಸುವುದು ವಾಲ್ವ್ ಕಂಪನಿ. ಮಾರಾಟದ 30% ಅಂಗಡಿಗೆ, 70% ಗೇಮಿನವರಿಗೆ ಅನ್ನುವುದು ಅಲ್ಲಿನ ಹಳೆಯ ಪದ್ಧತಿ. 2018ರ ನವೆಂಬರ್ ಕೊನೆಗೆ ವಾಲ್ವ್ ಇದನ್ನು ಸ್ವಲ್ಪ ಬದಲಿಸಿತು. ಒಂದು ಗೇಮಿನ ಗಳಿಕೆ 1 ಕೋಟಿ ಡಾಲರ್ ದಾಟಿದರೆ ಅದರ ಮೇಲಿನ ಮಾರಾಟಕ್ಕೆ 25%, 5 ಕೋಟಿ ಡಾಲರ್ ದಾಟಿದರೆ 20%. ದೊಡ್ಡ ಗೇಮುಗಳಿಗೆ ರಿಯಾಯಿತಿ ಸಿಕ್ಕಿತು. ಚಿಕ್ಕ ಡೆವಲಪರುಗಳಿಗೆ ಹಳೆಯ ಕಮಿಷನ್ನೇ ಉಳಿಯಿತು. ಇದು ಚಿಕ್ಕವರಿಗೆ ಸರಿಯಾಗಿಯೇ ಸಿಟ್ಟು ತರಿಸಿತು.

ಅದಾಗಿ ಕೆಲವೇ ದಿನಕ್ಕೆ, 2018ರ ಡಿಸೆಂಬರ್ 6ರಂದು, ಎಪಿಕ್ ತನ್ನ ಸ್ಟೋರ್ ತೆರೆಯಿತು. ಆಗಿನ ದರ ಅಂಗಡಿಗೆ 12%, ಗೇಮಿನವರಿಗೆ 88%. ಚಿಕ್ಕವರಿಗೂ ದೊಡ್ಡವರಿಗೂ ಒಂದೇ ದರ. ತನ್ನದೇ ಗೇಮ್ ಫೋರ್ಟ್‌ನೈಟ್‌ನಿಂದ ಎಪಿಕ್ ಕೈಯಲ್ಲಿ ದುಡ್ಡು ಹರಿಯುತ್ತಿತ್ತು. ಅಂಗಡಿಗೆ ಗಿರಾಕಿ ಬೇಕಿತ್ತು. ಬೇರೆಲ್ಲೂ ಸಿಗದ ಸರಕು ಇಟ್ಟರೆ ಗಿರಾಕಿ ಬಂದೇ ಬರುತ್ತಾರೆ ಅನ್ನುವುದು ಅವರ ಲೆಕ್ಕಾಚಾರ.

ಈಗ ಮೆಟ್ರೋ ಎಕ್ಸೋಡಸ್‌ಗೆ ಬರೋಣ. ಸ್ಟೀಮ್‌ನಲ್ಲಿ ಅಮೆರಿಕದ ಬೆಲೆ 59.99 ಡಾಲರ್ ಇತ್ತು. ಎಪಿಕ್‌ಗೆ ಬಂದಾಗ 49.99 ಡಾಲರ್ ಆಯಿತು. ಲೆಕ್ಕಕ್ಕೆ 60 ಮತ್ತು 50 ಅಂತ ಇಟ್ಟುಕೊಳ್ಳಿ. 60 ಡಾಲರಿನಲ್ಲಿ 30% ಕಳೆದರೆ ಪಬ್ಲಿಷರಿಗೆ 42 ಉಳಿಯುತ್ತದೆ. 50 ಡಾಲರಿನಲ್ಲಿ 12% ಕಳೆದರೆ 44 ಉಳಿಯುತ್ತದೆ. ಗಿರಾಕಿ 10 ಡಾಲರ್ ಕಮ್ಮಿ ಕೊಟ್ಟರೂ ಪಬ್ಲಿಷರಿಗೆ 2 ಡಾಲರ್ ಜಾಸ್ತಿ. ಕೇಳಲು ಎಲ್ಲರಿಗೂ ಲಾಭ, ಅಲ್ವಾ? ಕೋಖ್ ಮೀಡಿಯಾ ಮುಖ್ಯಸ್ಥ ಕ್ಲೆಮೆನ್ಸ್ ಕುಂದ್ರಾಟಿಟ್ಸ್ ಕೂಡ ಪ್ರಕಟಣೆಯಲ್ಲಿ ಇದನ್ನೇ ಹೇಳಿದರು. ಎಪಿಕ್ ಕೊಡುವ ಪಾಲಿನಿಂದ ಪಬ್ಲಿಷರುಗಳು ಗೇಮಿನ ಮೇಲೆ ಇನ್ನಷ್ಟು ಹಣ ಹಾಕಬಹುದು, ಇಲ್ಲವೇ ಉಳಿತಾಯವನ್ನು ಆಟಗಾರರಿಗೆ ದಾಟಿಸಬಹುದು ಎಂದು.

ಇದರಲ್ಲಿ ಎರಡು ತೊಡಕುಗಳಿವೆ. ಆ ಇಳಿಕೆ ಎಲ್ಲ ದೇಶಗಳ ಗಿರಾಕಿಗೂ ಸಿಗಲಿಲ್ಲ. ಯುರೋಪಿನಲ್ಲಿ ಎಪಿಕ್ ಬೆಲೆ 59.99 ಯೂರೋ ಇತ್ತು. ಅಲ್ಲಿನವರಿಗೆ ಅಂಗಡಿ ಬದಲಾಯಿತೇ ಹೊರತು ಜೇಬಿಗೆ ಏನೂ ಉಳಿಯಲಿಲ್ಲ. ಎರಡನೆಯದು, ಸ್ಟೀಮ್‌ನ ಹೊಸ ದರ. ಗೇಮ್ ಚೆನ್ನಾಗಿ ಓಡಿ 1 ಕೋಟಿ ಡಾಲರ್ ದಾಟಿದ ಮೇಲೆ 60ರಲ್ಲಿ ಪಬ್ಲಿಷರಿಗೆ 45 ಸಿಗುತ್ತಿತ್ತು. 5 ಕೋಟಿ ದಾಟಿದ ಮೇಲೆ 48. ಅಂದರೆ ದೊಡ್ಡ ಮಟ್ಟದಲ್ಲಿ ಗೆಲ್ಲುವ ಗೇಮಿಗೆ ಒಂದೊಂದು ಪ್ರತಿಯ ಲೆಕ್ಕದಲ್ಲಿ ಸ್ಟೀಮೇ ಮೇಲಾಗಬಹುದಿತ್ತು. ಬರೀ 12% ಕಮಿಷನ್ ನೋಡಿಕೊಂಡು ಯಾರೂ ಹಳೆಯ ದೊಡ್ಡ ಸಂತೆ ಬಿಟ್ಟು ಎರಡು ತಿಂಗಳೂ ಆಗದ ಹೊಸ ಅಂಗಡಿಗೆ ಹೋಗುವುದಿಲ್ಲ. ಇಂಥ ಒಪ್ಪಂದಗಳನ್ನು ನಡೆಸುವ ಯಂತ್ರ ಬೇರೆ ಇದೆ.

ಖಾತ್ರಿ ಹಣ

ಅದರ ಹೆಸರು ಮಿನಿಮಮ್ ಗ್ಯಾರಂಟಿ. ಗಾಂಧಿನಗರದ ಸಿನಿಮಾ ವ್ಯವಹಾರ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಹಂಚಿಕೆದಾರ ನಿರ್ಮಾಪಕನಿಗೆ ಎಂಜಿ ಕೊಟ್ಟು ಏರಿಯಾ ಹಿಡಿಯುತ್ತಾನೆ. ಸಿನಿಮಾ ಓಡದಿದ್ದರೆ ನಷ್ಟ ಅವನದು. ಓಡಿದರೆ ಕೊಟ್ಟ ದುಡ್ಡು ವಾಪಸ್ ಬಂದ ಮೇಲೆ ಉಳಿದದ್ದನ್ನು ಹಂಚಿಕೊಳ್ಳುತ್ತಾರೆ. ಎಪಿಕ್ ಮಾಡಿದ್ದೂ ಹೆಚ್ಚುಕಮ್ಮಿ ಹೀಗೇ. ಇಷ್ಟು ಮಾರಾಟವಾಗುತ್ತದೆ ಅಂತ ಒಂದು ಮೊತ್ತ ಗೊತ್ತು ಮಾಡಿ, ಗೇಮ್ ಮಾರಾಟವಾಗಲಿ ಬಿಡಲಿ, ಅದನ್ನು ಕೊಡುವುದು. ಮಾರಾಟ ಆ ಗಡಿ ದಾಟಿದ ಮೇಲೆ ಮಾಮೂಲಿ 88% ಪಾಲು ಶುರು.

ಇಂಥ ಮೊತ್ತಗಳು ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಆದರೆ ಅದೇ 2019ರಲ್ಲಿ ಒಂದು ಅಂಕಿ ಹೊರಬಿತ್ತು. ಫಿನ್‌ಲ್ಯಾಂಡಿನ ರೆಮೆಡಿ ಮಾಡಿದ ಕಂಟ್ರೋಲ್ ಗೇಮನ್ನು 505 ಗೇಮ್ಸ್ ಪ್ರಕಟಿಸಿತ್ತು. ಅದರ ಒಡೆಯ ಕಂಪನಿ ಇಟಲಿಯ ಡಿಜಿಟಲ್ ಬ್ರೋಸ್. ಷೇರುಪೇಟೆಯಲ್ಲಿರುವ ಕಂಪನಿಯಾದ್ದರಿಂದ ಹಣಕಾಸು ವರದಿ ಕೊಡಲೇಬೇಕು. ಪಿಸಿ ಆವೃತ್ತಿಗಾಗಿ ಎಪಿಕ್‌ನಿಂದ ಬಂದದ್ದು 94.9 ಲಕ್ಷ ಯೂರೋ ಎಂದು ಆ ವರದಿಯಿಂದ ತಿಳಿಯಿತು. ಅದರಲ್ಲಿ 55% ಪಬ್ಲಿಷರಿಗೆ, 45% ರೆಮೆಡಿಗೆ. ನನಗೆ ಇಲ್ಲಿ ಮುಖ್ಯ ಅನಿಸುವುದು ಈ ಹಂಚಿಕೆ. ಅಂಗಡಿ ಡೆವಲಪರಿಗೆ 88% ಕೊಡುತ್ತದೆ ಅನ್ನುವ ಮಾತು ಸ್ವಂತವಾಗಿ ಪ್ರಕಟಿಸುವವರಿಗೆ ಸರಿ. ಮಧ್ಯೆ ಪಬ್ಲಿಷರ್ ಇದ್ದರೆ ಆ ದುಡ್ಡು ಮೊದಲು ಅವರ ಕೈಗೆ ಹೋಗುತ್ತದೆ. ಕೋಡ್ ಬರೆದವರಿಗೆ ಎಷ್ಟು ಅನ್ನುವುದು ಇನ್ನೊಂದು ಕರಾರಿನ ಮಾತು.

2021ರಲ್ಲಿ ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ ಇನ್ನಷ್ಟು ಕಾಗದಗಳು ಹೊರಬಂದವು. ಬಾರ್ಡರ್‌ಲ್ಯಾಂಡ್ಸ್ 3 ಎಂಬ ಗೇಮನ್ನು ತನ್ನ ಸ್ಟೋರಿಗೆ ತರಲು ಎಪಿಕ್ ಒಟ್ಟು 14.6 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತ್ತು. ಅದರಲ್ಲಿ 8 ಕೋಟಿ ಆ ಗೇಮಿನ ಮಾರಾಟಕ್ಕೆ ಕೊಟ್ಟ ಖಾತ್ರಿ. 2019ರಲ್ಲಿ ಸ್ಟೋರಿನ ನಷ್ಟ ಸುಮಾರು 18.1 ಕೋಟಿ ಡಾಲರ್. 2020 ಒಂದೇ ವರ್ಷಕ್ಕೆ ಕೊಡಲೊಪ್ಪಿದ ಖಾತ್ರಿ ಹಣ 44.4 ಕೋಟಿ ಡಾಲರ್. ಎಪಿಕ್ ಕೈಯಿಂದ ಹಾಕಿ ಅಂಗಡಿ ಕಟ್ಟುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇದನ್ನು ತಪ್ಪು ಅನ್ನಲು ನಾನು ತಯಾರಿಲ್ಲ. ಪಿಸಿ ಗೇಮ್ ಮಾರಾಟದಲ್ಲಿ ಸ್ಟೀಮ್ ಎಷ್ಟು ಬಲವಾಗಿ ಬೇರು ಬಿಟ್ಟಿದೆ ಅಂದರೆ ಬರೀ ಕಮ್ಮಿ ಕಮಿಷನ್ ಇಟ್ಟುಕೊಂಡು ಅದರ ಎದುರು ನಿಲ್ಲಲು ಆಗುವುದಿಲ್ಲ. ಕಮಿಷನ್ ಲಾಭ ಸಿಗುವುದು ಮಾರುವವರಿಗೆ. ಕೊಳ್ಳುವವರಿಗೆ ಅದು ಕಾಣುವುದೇ ಇಲ್ಲ. ಕೊಳ್ಳುವವರು ಬರದೆ ಅಂಗಡಿ ನಡೆಯುವುದಿಲ್ಲ. ಭಾರತದ 2002ರ ಸ್ಪರ್ಧಾ ಕಾಯ್ದೆ ಕೂಡ, ಒಬ್ಬರಿಗೇ ಹಂಚಿಕೆ ಹಕ್ಕು ಕೊಡುವ ಒಪ್ಪಂದಗಳನ್ನು 3(4)ನೇ ಕಲಮಿನಲ್ಲಿ ಹೆಸರಿಸಿದರೂ ಸಾರಾಸಗಟಾಗಿ ನಿಷೇಧಿಸಿಲ್ಲ. ಸ್ಪರ್ಧೆಗೆ ಗಣನೀಯ ಪೆಟ್ಟು ಬಿದ್ದಿದೆಯೇ, ಹೊಸಬರಿಗೆ ದಾರಿ ಮುಚ್ಚಿದೆಯೇ ಅಂತ ಪ್ರಕರಣವಾರು ನೋಡಬೇಕು ಅನ್ನುತ್ತದೆ. ಇಲ್ಲಿ ಒಪ್ಪಂದ ಮಾಡಿಕೊಂಡದ್ದೇ ಹೊಸಬರು.

ಹಾಗಾದರೆ ತಪ್ಪಾದದ್ದು ಎಲ್ಲಿ?

ಹೊತ್ತಿನಲ್ಲಿ. ತಿಂಗಳುಗಟ್ಟಲೆ ಸ್ಟೀಮ್ ಪುಟದಲ್ಲಿ ಗೇಮ್ ಇಟ್ಟು, ಟ್ರೇಲರ್ ತೋರಿಸಿ, ಜನರ ವಿಶ್‌ಲಿಸ್ಟ್ (ಮುಂದೆ ಕೊಳ್ಳಬೇಕೆಂದಿರುವ ಗೇಮುಗಳ ಪಟ್ಟಿ) ಸೇರಿ, ಮುಂಗಡ ದುಡ್ಡು ತೆಗೆದುಕೊಂಡು, ಕೊನೆಯ ಎರಡೂವರೆ ವಾರದಲ್ಲಿ ಬಾಗಿಲು ಹಾಕಿದರು. ಅಷ್ಟು ದಿನ ಗೇಮಿಗೆ ಪುಕ್ಕಟೆ ಪ್ರಚಾರ ಸಿಕ್ಕಿದ್ದು ಯಾವ ಅಂಗಡಿಯಿಂದ? ವಾಲ್ವ್ ಸಾಮಾನ್ಯವಾಗಿ ಇಂಥದರಲ್ಲಿ ಬಾಯಿ ಬಿಡುವ ಕಂಪನಿಯಲ್ಲ. ಆದರೆ ಈ ಸಲ ಗೇಮಿನ ಪುಟದಲ್ಲೇ ಸೂಚನೆ ಹಾಕಿತು. ಇದು ಪಬ್ಲಿಷರ್ ನಿರ್ಧಾರ, ದೀರ್ಘ ಮುಂಗಡ ಮಾರಾಟ ಆದಮೇಲೆ ಹೀಗೆ ತೆಗೆಯುವುದು ಸ್ಟೀಮ್ ಗಿರಾಕಿಗಳಿಗೆ ಮಾಡಿದ ಅನ್ಯಾಯ, ನಮಗೂ ಇತ್ತೀಚೆಗಷ್ಟೇ ಗೊತ್ತಾಯಿತು, ಕ್ಷಮಿಸಿ ಎಂಬ ಅರ್ಥದ ಮಾತುಗಳಿದ್ದವು.

ಮೊದಲೇ ಕೊಂಡವರಿಗೆ ಮೋಸವಾಗಲಿಲ್ಲ ಎಂಬುದನ್ನೂ ಹೇಳಬೇಕು. ಅವರಿಗೆ ಫೆಬ್ರವರಿ 15ಕ್ಕೆ ಸ್ಟೀಮ್‌ನಲ್ಲೇ ಗೇಮ್ ಸಿಕ್ಕಿತು. ಮುಂದಿನ ಅಪ್‌ಡೇಟ್‌ಗಳೂ ಹೆಚ್ಚುವರಿ ಭಾಗಗಳೂ ಅಲ್ಲೇ ಸಿಗುವ ಭರವಸೆ ಇತ್ತು, ಅದು ಉಳಿಯಿತು ಕೂಡ. ಪೆಟ್ಟು ಬಿದ್ದದ್ದು ಬಿಡುಗಡೆ ದಿನಕ್ಕಾಗಿ ಕಾದು ಕೂತವರಿಗೆ. ಗೇಮ್ ಹೇಗಿದೆ ಅಂತ ನೋಡಿ ಕೊಳ್ಳೋಣ ಅಂದುಕೊಂಡ ಜಾಣ ಗಿರಾಕಿಗೇ ಶಿಕ್ಷೆ ಆಯಿತು.

ಅವಸರ ಎಷ್ಟಿತ್ತು ಅನ್ನುವುದಕ್ಕೆ ಡಬ್ಬಿಗಳೇ ಸಾಕ್ಷಿ. ಅಂಗಡಿಗೆ ಹೋಗುವ ಪಿಸಿ ಡಬ್ಬಿಗಳ ಮೇಲೆ ಸ್ಟೀಮ್ ಗುರುತು ಆಗಲೇ ಅಚ್ಚಾಗಿತ್ತು. ಅದರ ಮೇಲೆ ಎಪಿಕ್ ಸ್ಟಿಕ್ಕರ್ ಅಂಟಿಸಿ ಕಳಿಸಿದರು. ಪ್ಯಾಕಿಂಗ್ ಅಚ್ಚಾಗುವ ಹೊತ್ತಿಗೂ ಮಾತುಕತೆ ಮುಗಿದಿರಲಿಲ್ಲ ಅಂತಾಯಿತು.

ಇನ್ನು ಆ ದಿನಗಳ ಎಪಿಕ್ ಸ್ಟೋರ್ ಹೇಗಿತ್ತು? ಗಿರಾಕಿಗಳ ವಿಮರ್ಶೆ ಇಲ್ಲ. ಆಡಿದ ಪ್ರಗತಿಯನ್ನು ಆನ್‌ಲೈನಿನಲ್ಲಿ ಉಳಿಸಿಡುವ ಕ್ಲೌಡ್ ಸೇವ್ ಇಲ್ಲ. ಒಂದಕ್ಕಿಂತ ಹೆಚ್ಚು ಗೇಮ್ ಒಟ್ಟಿಗೆ ಕೊಳ್ಳಲು ಕಾರ್ಟ್ ಕೂಡ ಇರಲಿಲ್ಲ. ಕಾರ್ಟ್ ಬಂದದ್ದು 2021ರ ಡಿಸೆಂಬರಿನಲ್ಲಿ, ಸ್ಟೋರ್ ತೆರೆದು ಮೂರು ವರ್ಷ ಆದಮೇಲೆ! ಒಪ್ಪಂದದ ಮೇಜಿನ ಸುತ್ತ ಎಪಿಕ್ ಕೂತಿತ್ತು, ಪಬ್ಲಿಷರ್ ಕೂತಿತ್ತು. ಸೌಲಭ್ಯ ಕಳೆದುಕೊಳ್ಳುವ ಆಟಗಾರನ ಪರ ಅಲ್ಲಿ ಯಾರೂ ಇರಲಿಲ್ಲ. ನನ್ನ ಮುಖ್ಯ ತಕರಾರು ಇದೇ. ಖಾತ್ರಿ ಹಣದಲ್ಲಿ ಒಂದು ಪಾಲನ್ನು ಎಲ್ಲ ದೇಶಗಳ ಬೆಲೆ ಇಳಿಸಲು ಬಳಸಿದ್ದರೆ, ಅಥವಾ ಕನಿಷ್ಠ ಬಿಡುಗಡೆಯ ದಿನದವರೆಗೆ ಸ್ಟೀಮ್ ಮಾರಾಟ ತೆರೆದಿಟ್ಟಿದ್ದರೆ, ಈ ಕತೆ ಬೇರೆ ಥರ ಇರುತ್ತಿತ್ತು.

ಸಿಟ್ಟು ಎಲ್ಲಿಗೆ ಹೋಯಿತು

ಎಕ್ಸೋಡಸ್ ಆಗ ಸ್ಟೀಮ್‌ನಲ್ಲಿ ಬಿಡುಗಡೆಯಾಗಿರಲಿಲ್ಲ, ಹಾಗಾಗಿ ಅದಕ್ಕೆ ವಿಮರ್ಶೆ ಬರೆಯುವ ಹಾಗಿರಲಿಲ್ಲ. ಜನ ಸರಣಿಯ ಹಳೆಯ ಎರಡು ಗೇಮುಗಳ ಪುಟಕ್ಕೆ ಹೋಗಿ ರಾಶಿ ರಾಶಿ ಕೆಟ್ಟ ವಿಮರ್ಶೆ ಸುರಿದರು. ಆ ಗೇಮುಗಳು ಏನು ಮಾಡಿದ್ದವು? ಏನೂ ಇಲ್ಲ. ಸಿಟ್ಟು ತೋರಿಸಲು ಬೇರೆ ಜಾಗ ಇರಲಿಲ್ಲ, ಅಷ್ಟೇ. ಆಮೇಲೆ, 2019ರ ಮಾರ್ಚಿನಲ್ಲಿ, ಗೇಮಿಗೆ ಸಂಬಂಧವಿಲ್ಲದ ಇಂಥ ವಿಮರ್ಶೆಗಳನ್ನು ಅಂಕದಿಂದ ಹೊರಗಿಡುವ ಪದ್ಧತಿಯನ್ನು ವಾಲ್ವ್ ತಂದಿತು.

ಕಂಪನಿಗಳೂ ಒಬ್ಬರ ಕಡೆ ಇನ್ನೊಬ್ಬರು ಕೈ ತೋರಿಸಿದರು. ಕೋಖ್ ಮೀಡಿಯಾವನ್ನು 2018ರಲ್ಲಿ ಟಿಎಚ್‌ಕ್ಯೂ ನಾರ್ಡಿಕ್ ಸಮೂಹ (ದಿವಾಳಿಯಾದ ಟಿಎಚ್‌ಕ್ಯೂ ಹೆಸರನ್ನು ಕೊಂಡ ಬೇರೆ ಕಂಪನಿ) ಕೊಂಡಿತ್ತು. ಆ ಸಮೂಹದ ಗೇಮ್ ವಿಭಾಗ ಟ್ವಿಟರ್‌ನಲ್ಲಿ, ಈ ನಿರ್ಧಾರ ಪೂರ್ತಿ ಕೋಖ್ ಮೀಡಿಯಾದ್ದು, ಅವರು ನಮ್ಮ ಸೋದರ ಕಂಪನಿ ಅಷ್ಟೇ ಎಂದು ದೂರ ನಿಂತಿತು. ಇದರ ನಡುವೆ 4ಎ ಸ್ಟುಡಿಯೋದ ಒಬ್ಬ ಡೆವಲಪರ್ ನೊಂದು, ಪಿಸಿ ಆಟಗಾರರು ಹೀಗೆ ಬಹಿಷ್ಕಾರ ಹಾಕಿದರೆ ಮುಂದಿನ ಮೆಟ್ರೋ ಪಿಸಿಗೇ ಬರದಿರಬಹುದು ಅಂತ ಬರೆದುಬಿಟ್ಟರು. ಅದು ಒಬ್ಬರ ನೋವಿನ ಮಾತು, ನಮ್ಮ ನಿಲುವಲ್ಲ, ಪಿಸಿ ಆವೃತ್ತಿ ಯಾವತ್ತೂ ನಮ್ಮ ಯೋಜನೆಯ ಭಾಗ ಎಂದು ಸ್ಟುಡಿಯೋ ಮತ್ತು ಪಬ್ಲಿಷರ್ ಸ್ಪಷ್ಟನೆ ಕೊಡಬೇಕಾಯಿತು. ವರ್ಷಗಟ್ಟಲೆ ದುಡಿದ ಗೇಮ್ ಹೊರಬರುವ ಹೊತ್ತಿಗೆ ಎಲ್ಲೆಡೆ ಅಂಗಡಿಯದೇ ಮಾತು. ಗೇಮಿನ ಬಗ್ಗೆ ಮಾತಾಡುವವರೇ ಇಲ್ಲ. ಆ ಡೆವಲಪರ್ ಹೇಳಿದ್ದನ್ನು ನಾನು ಒಪ್ಪುವುದಿಲ್ಲ, ಆದರೆ ಅವರ ಹೊಟ್ಟೆ ಉರಿದದ್ದು ಅರ್ಥವಾಗುತ್ತದೆ.

ಅದೇ ವರ್ಷ ಬೇರೆಯವರು

ಮೆಟ್ರೋ ಪಕ್ಕದಲ್ಲಿ ಇನ್ನು ಮೂರು ಪ್ರಕರಣ ಇಟ್ಟು ನೋಡಿದರೆ ವಿಷಯ ಚೆನ್ನಾಗಿ ತಿಳಿಯುತ್ತದೆ.

ಬಲ್ಗೇರಿಯಾದ ಸ್ನ್ಯಾಪ್‌ಶಾಟ್ ಗೇಮ್ಸ್ ತನ್ನ ಫೀನಿಕ್ಸ್ ಪಾಯಿಂಟ್ ಗೇಮಿಗೆ ಜನರಿಂದಲೇ ಚಂದಾ ಎತ್ತಿತ್ತು. ಸ್ಟೀಮ್ ಅಥವಾ ಜಿಒಜಿ (ಇನ್ನೊಂದು ಆನ್‌ಲೈನ್ ಅಂಗಡಿ) ಕೀ, ಅಂದರೆ ಗೇಮ್ ಪಡೆಯುವ ಸಂಕೇತ, ಕೊಡುತ್ತೇವೆ ಎಂದು ಮಾತು ಕೊಟ್ಟಿತ್ತು. 2019ರ ಮಾರ್ಚಿನಲ್ಲಿ ಒಂದು ವರ್ಷಕ್ಕೆ ಎಪಿಕ್ ಜತೆ ಹೋಯಿತು. ಇದು ನನ್ನ ಕಣ್ಣಿಗೆ ಮೆಟ್ರೋಗಿಂತ ದೊಡ್ಡ ಮಾತು ತಪ್ಪುವಿಕೆ. ಚಂದಾ ಕೊಟ್ಟವರು ಬರೀ ಗಿರಾಕಿಗಳಲ್ಲ, ಗೇಮ್ ಹುಟ್ಟಲು ಕಾರಣರಾದವರು. ಆದರೆ ಬೇಕಾದವರಿಗೆ ಹಣ ವಾಪಸ್, ಉಳಿದವರಿಗೆ ಎಪಿಕ್ ಪ್ರತಿಯ ಜತೆ ವರ್ಷದ ನಂತರ ಇನ್ನೊಂದು ಅಂಗಡಿಯ ಕೀ, ಮೊದಲ ವರ್ಷದ ಹೆಚ್ಚುವರಿ ಭಾಗಗಳು ಪುಕ್ಕಟೆ ಅಂತ ಅವರು ಪರಿಹಾರವನ್ನಾದರೂ ಮುಂದಿಟ್ಟರು.

ಡಾರ್ಕ್ ಗೇಮಿನ ವ್ಲಾಡ್ ಮಾರ್ಹುಲೆಟ್ಸ್ ಇದಕ್ಕೆ ತದ್ವಿರುದ್ಧ. ಸ್ಟೀಮ್ ಬಿಡುಗಡೆ ದಿನಾಂಕ ಘೋಷಿಸಿದ ಮೇಲೆ ಎಪಿಕ್‌ನಿಂದ ಕರೆ ಬಂತು. ಆಗಲೇ ಮಾತು ಕೊಟ್ಟಿದ್ದೇನೆ, ಆ ಮಾತು ಮುರಿಯಲಾರೆ ಎಂದು ಅವರು ಒಪ್ಪಂದ ಬೇಡ ಅಂದರು. ಎರಡೂ ಕಡೆ ಮಾರೋಣವೇ ಎಂದು ಕೇಳಿದ್ದಕ್ಕೆ ಎಪಿಕ್ ಒಪ್ಪಲಿಲ್ಲ. ಚಿಕ್ಕ ಗೇಮ್ ಮಾಡುವವರಿಗೆ ಆ ಹಣ ಬೇಡ ಅನ್ನುವುದು ಸುಲಭವಲ್ಲ. ಅವರ ಮೇಲೆ ನನಗೆ ದೊಡ್ಡ ಗೌರವ ಇದೆ.

ಮೂರನೆಯದು ನನ್ನ ವಾದಕ್ಕೇ ಅಡ್ಡ ಬರುತ್ತದೆ. ಊಬ್ಲೆಟ್ಸ್ ಮಾಡುತ್ತಿದ್ದ ಗ್ಲಂಬರ್‌ಲ್ಯಾಂಡ್ ಬರೀ ಇಬ್ಬರ ಸ್ಟುಡಿಯೋ. 2019ರ ಜುಲೈ-ಆಗಸ್ಟ್ ಹೊತ್ತಿಗೆ ಅವರೂ ಎಪಿಕ್ ಒಪ್ಪಂದ ಘೋಷಿಸಿದರು. ಎಲ್ಲ ಅಂಗಡಿಗಳಲ್ಲಿ ಮಾರಿದ್ದರೆ ಸಿಗಬಹುದಾಗಿದ್ದಷ್ಟು ಖಾತ್ರಿ ಹಣ ಸಿಗುತ್ತಿದೆ, ಇದರಿಂದ ಗೇಮ್ ನೆಮ್ಮದಿಯಾಗಿ ಮುಗಿಸಬಹುದು ಎಂದು ಬಿಚ್ಚಿ ಹೇಳಿದರು. ಮುಂಗಡ ಮಾರಾಟ ಆಗಿರಲಿಲ್ಲ. ಸ್ಟೀಮ್ ಪ್ರತಿಗೆ ಯಾರೂ ದುಡ್ಡು ಕಟ್ಟಿರಲಿಲ್ಲ. ಅವರ ಬರಹದ ಧಾಟಿ ಸ್ವಲ್ಪ ಕೆಣಕುವ ಹಾಗಿತ್ತು, ನಿಜ. ಅದಕ್ಕೆ ಬಂದ ಉತ್ತರ ಮಾತ್ರ ಸಾವಿರಾರು ಬೈಗುಳ, ಬೆದರಿಕೆ. ಅಂದರೆ ಹೊತ್ತು ಸರಿಯಿದ್ದರೂ ಸಿಟ್ಟು ಬರುತ್ತಿತ್ತು. ಸ್ಟೀಮ್‌ನಲ್ಲಿ ಮುಂಗಡ ತೆಗೆದುಕೊಂಡು ಬಾಗಿಲು ಹಾಕಿದ್ದನ್ನು ಪ್ರಶ್ನಿಸುವುದು ಗಿರಾಕಿಯ ಹಕ್ಕು. ಇಬ್ಬರು ತಮ್ಮ ಗೇಮನ್ನು ಯಾವ ಅಂಗಡಿಯಲ್ಲಿಡುತ್ತಾರೆ ಎಂಬುದಕ್ಕೆ ಅವರ ಜೀವ ಹಿಂಡುವುದು ಯಾರ ಹಕ್ಕೂ ಅಲ್ಲ. ಎರಡನ್ನೂ ಒಂದೇ ಮೂಟೆಗೆ ಕಟ್ಟಬಾರದು.

ಫಲ ಏನಾಯಿತು

ಗಲಾಟೆ ಗೇಮಿನ ಮಾರಾಟವನ್ನು ಮುಳುಗಿಸಲಿಲ್ಲ. 2019ರ ಮಾರ್ಚಿನಲ್ಲಿ ಎಪಿಕ್ ಕೊಟ್ಟ ಲೆಕ್ಕದ ಪ್ರಕಾರ, ಹಿಂದಿನ ಮೆಟ್ರೋ ಗೇಮ್ ಸ್ಟೀಮ್‌ನಲ್ಲಿ ಬಿಡುಗಡೆ ಹೊತ್ತಿಗೆ ಮಾರಾಟವಾದದ್ದಕ್ಕಿಂತ ಎಕ್ಸೋಡಸ್ ಎಪಿಕ್‌ನಲ್ಲಿ ಎರಡೂವರೆ ಪಟ್ಟು ಹೆಚ್ಚು ಮಾರಾಟವಾಯಿತು. ಈ ಹೋಲಿಕೆ ಅಷ್ಟು ಸಮ ಅಲ್ಲ. ಹಿಂದಿನದು 2013ರ ಗೇಮ್, ದಿವಾಳಿಯಾದ ಪಬ್ಲಿಷರ್ ಕೈಯಿಂದ ಆಗಷ್ಟೇ ಪಾರಾಗಿ ಬಂದದ್ದು. ಆರು ವರ್ಷದಲ್ಲಿ ಪಿಸಿ ಮಾರುಕಟ್ಟೆಯೂ ಬೆಳೆದಿತ್ತು. ಆದರೂ ಬಹಿಷ್ಕಾರದಿಂದ ಗೇಮ್ ಸತ್ತಿತು ಅನ್ನುವ ಮಾತು ಸುಳ್ಳು ಎಂದು ಹೇಳಲು ಅಷ್ಟು ಸಾಕು.

ಮೆಟ್ರೋದಲ್ಲಿ ಆದ ಹಾಗೆ ಬಿಡುಗಡೆಯ ಹೊಸ್ತಿಲಲ್ಲಿ ಗೇಮ್ ಎತ್ತಿಕೊಂಡು ಬರುವುದು ಇನ್ನು ಬೇಡ ಎಂದು ಸ್ಟೋರ್ ನೋಡಿಕೊಳ್ಳುತ್ತಿದ್ದ ಸ್ಟೀವ್ ಆಲಿಸನ್ ಆಗಲೇ ಒಪ್ಪಿಕೊಂಡರು. ಏಪ್ರಿಲ್‌ನಲ್ಲಿ ಎಪಿಕ್ ಮುಖ್ಯಸ್ಥ ಟಿಮ್ ಸ್ವೀನಿ ಒಂದು ಸವಾಲು ಹಾಕಿದರು. ಸ್ಟೀಮ್ ಎಲ್ಲ ಡೆವಲಪರುಗಳಿಗೂ ಕಾಯಂ ಆಗಿ, ಬೇರೆ ಕಟ್ಟುಪಾಡಿಲ್ಲದೆ 88% ಕೊಟ್ಟರೆ ನಾವು ಇಂಥ ಒಪ್ಪಂದಗಳನ್ನು ನಿಲ್ಲಿಸುತ್ತೇವೆ ಎಂದರು. ವಾಲ್ವ್ ಆ ದಾರಿ ಹಿಡಿಯಲಿಲ್ಲ.

ವರ್ಷ ತುಂಬಿದ ಮೇಲೆ, 2020ರ ಫೆಬ್ರವರಿ 15ಕ್ಕೆ, ಎಕ್ಸೋಡಸ್ ಸ್ಟೀಮ್‌ಗೆ ಬಂತು. ಒಂದು ವಾರದೊಳಗೆ ಅಲ್ಲಿ ಸುಮಾರು 2 ಲಕ್ಷ ಪ್ರತಿ ಮಾರಾಟವಾಯಿತು. ಪಬ್ಲಿಷರಿಗೆ ಇದು ಎರಡನೆಯ ಬಿಡುಗಡೆ ಇದ್ದ ಹಾಗೆ: ಮೊದಲು ಖಾತ್ರಿಯುಳ್ಳ ವರ್ಷ, ಆಮೇಲೆ ಕಾದು ಕೂತವರ ವರ್ಷ. ಉಳಿದ ಪಬ್ಲಿಷರುಗಳು ಇದನ್ನು ಗಮನಿಸಿದರು. ಒಂದು ವರ್ಷ, ಆರು ತಿಂಗಳು ಅನ್ನುವ ಗಡಿಗಳು ಮಾಮೂಲಿಯಾದವು.

ಎಪಿಕ್ ಕೂಡ ದಾರಿ ಬದಲಿಸಿತು. 2023ರ ಆಗಸ್ಟಿನಲ್ಲಿ ಫಸ್ಟ್ ರನ್ ಎಂಬ ಯೋಜನೆ ತಂದಿತು. ಆರು ತಿಂಗಳು ಬೇರೆ ಪಿಸಿ ಅಂಗಡಿಗೆ ಕೊಡದಿದ್ದರೆ ಆ ಆರು ತಿಂಗಳ ಮಾರಾಟದ 100% ಡೆವಲಪರಿಗೇ. ಬೇರೆ ಪಿಸಿ ಅಂಗಡಿಯಲ್ಲಿ ಆಗಲೇ ಬಿಡುಗಡೆಯಾದ ಗೇಮಿಗೆ ಇದು ಅನ್ವಯಿಸುವುದಿಲ್ಲ. ಕಮಿಷನ್ ಪೂರ್ತಿ ಹೋಯಿತು, ನಿಜ. ಆದರೆ ಇದು ಮೆಟ್ರೋ ಕಾಲದ ಖಾತ್ರಿಯಂಥದ್ದಲ್ಲ. ಗೇಮ್ ಓಡದಿದ್ದರೆ 100% ಪಾಲು ಇಟ್ಟುಕೊಂಡು ಏನು ಮಾಡುವುದು? ಹತ್ತು ಜನರ ಸ್ಟುಡಿಯೋ ಒಂದು ಈ ಯೋಜನೆಗೆ ಸೇರಬೇಕಾದರೆ, ಸ್ಟೀಮ್ ಇಲ್ಲದ ಆರು ತಿಂಗಳ ಸಂಬಳವನ್ನು ತನ್ನ ಕೈಯಿಂದಲೇ ಹೊಂದಿಸಿಕೊಳ್ಳಬೇಕು.